ಕಾಡಿಗೊಂದು ದನದ ಫಾರಂ

ನಮ್ಮೂರ ಕಾಡು ಸತ್ತುಹೋಗಿದೆ ಎಂದು ಸರ್ಕಾರಕ್ಕೆ ಮೊದಲು ತಿಳಿಸಿದವರು ಗಾರ್ಡ್ ಮಹೇಶ್ವರಪ್ಪ. ಕಾಡಿಗೆ ಮಾತ್ರ ಆ ವಿಷಯ ಗೊತ್ತಿರಲಿಲ್ಲ.

ಎಂಬತ್ಮೂರನೇ ಇಸವಿಯ ಬೇಸಿಗೆ ಅದು. ಚನ್ನಗಿರಿಯ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮ ಹಳೇಕಾವಲು. ಊರ ಬೆನ್ನಿಗೆ ಗುಡ್ಡ, ಗುಡ್ಡದ ಮೈತುಂಬ ಕಾಡು. ಮಹೇಶ್ವರಪ್ಪ ಆಗುಂಬೆಯ ಆಚೆ ಯಾವುದೋ ಊರಿನಿಂದ ಶಿವರಾತ್ರಿ ಹೊತ್ತಿಗೆ ವರ್ಗವಾಗಿ ಬಂದಿದ್ದರು. ಅವರು ಹುಟ್ಟಿ ಬೆಳೆದ ಕಡೆ ಮರಗಳು ವರ್ಷವಿಡೀ ಹಸಿರು ಹೊದ್ದು ನೀರು ತೊಟ್ಟಿಕ್ಕಿಸುತ್ತಾ ನಿಂತಿರುತ್ತವಂತೆ. ಎಲೆಯಿಲ್ಲದ ಮರವನ್ನು ಅವರು ಕಂಡಿದ್ದು ಸೌದೆ ಡಿಪೋದಲ್ಲಿ ಮಾತ್ರ.

ಬಂದ ಮೂರನೇ ದಿನ ಬೆಳಿಗ್ಗೆ ಗುಡ್ಡದ ಮೂಡಲ ಮಗ್ಗುಲು ಕೆಂಪಗೆ ಧಗಧಗ ಅನ್ನುವುದನ್ನು ನೋಡಿ, ಬೆಂಕಿ ಬಿದ್ದಿದೆ ಎಂದು ಊರೆಲ್ಲ ಕೂಗಿ ಎಬ್ಬಿಸಿ, ಎರಡು ಕೊಡ ನೀರು ಹೊತ್ತು ಓಡಿದರು. ಊರವರೂ ಹಿಂದೆಯೇ ಓಡಿದರು, ಗಾರ್ಡು ಏನು ಮಾಡುತ್ತಾರೆ ನೋಡೋಣ ಅಂತ. ಅಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಹೊತ್ತು ತಂದ ನೀರನ್ನು ವಾಪಸ್ಸು ಒಯ್ಯುವುದು ಮರ್ಯಾದೆಯಲ್ಲವೆಂದು ಮಹೇಶ್ವರಪ್ಪ ಅದನ್ನು ಒಂದು ಮುತ್ತುಗದ ಬುಡಕ್ಕೆ ಹೊಯ್ದು ಇಳಿದು ಬಂದರು. ಹೂವು ಎಂದು ಎಲ್ಲರೂ ಹೇಳಿದರೂ ಅವರಿಗೆ ಒಳಗೊಳಗೇ ಅನುಮಾನ. ಹದಿನೈದು ದಿನ ಕಳೆದು ಹೂವೆಲ್ಲ ಉದುರಿ, ತೇಗ, ಮತ್ತಿ, ದಿಂಡಿಗ ಎಲ್ಲವೂ ಬೋಳಾಗಿ, ಗುಡ್ಡಕ್ಕೆ ಗುಡ್ಡವೇ ಕಂದು ಬಣ್ಣಕ್ಕೆ ತಿರುಗಿದಾಗ ಅನುಮಾನ ಖಾತ್ರಿಯಾಯಿತು. ಬೆಂಕಿ ತಾನಾಗಿಯೇ ಆರಿದೆ, ಕಾಡು ಮಾತ್ರ ಉಳಿದಿಲ್ಲ ಎಂದು ಮೂರು ಪುಟ ವರದಿ ಬರೆದು ಕಳಿಸಿದರು. ಬರೆಯುವಾಗ ಅತ್ತಿದ್ದರಂತೆ. ಎರಡನೇ ಪುಟದಲ್ಲಿ ಶಾಯಿ ಹರಡಿತ್ತು ಎಂದು ಆಮೇಲೆ ರೇಂಜರ್ ಸಾಹೇಬರೇ ಹೇಳಿದರು.

ಆಫೀಸಿನಿಂದ ಉತ್ತರ ಬರಲು ವರ್ಷಗಳೇ ಬೇಕು ಎಂದು ಊರವರು ನಿಶ್ಚಿಂತೆಯಾಗಿದ್ದರು. ಉತ್ತರ ಮೂರು ವಾರಕ್ಕೇ ಬಂತು. ಸತ್ತ ಮರಗಳನ್ನೆಲ್ಲ ಕಡಿದು ಹರಾಜು ಹಾಕಬೇಕು, ಖಾಲಿಯಾದ ಗುಡ್ಡಕ್ಕೆ ನೀಲಗಿರಿ ಸಸಿ ನೆಡಬೇಕು, ಯುಗಾದಿ ಕಳೆದ ಸೋಮವಾರ ಕೊಡಲಿ ಬೀಳಬೇಕು.

ನನ್ನ ಅಜ್ಜಿ ಸುಂಕಲಮ್ಮ ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಐವತ್ತು ವರ್ಷದಿಂದ ಅವಳು ಆ ಗುಡ್ಡದ ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದಳು. ಹೊನ್ನಾಳಿ, ನ್ಯಾಮತಿ ಕಡೆಯ ಎಷ್ಟೋ ಮದುವೆಗಳಲ್ಲಿ ಪಾಯಸ ಹರಿಯದಂತೆ ಹಿಡಿದಿಟ್ಟಿದ್ದು ಅಜ್ಜಿಯ ಎಲೆಯೇ. ನೀಲಗಿರಿ ಎಲೆಯಲ್ಲಿ ಉಂಡರೆ ಅನ್ನವೂ ನೆಗಡಿ ಔಷಧಿಯ ವಾಸನೆ ಹೊಡೆಯುತ್ತದೆ ಎಂದು ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಕೋಲು ಹುಡುಕಿದಳು. ಅಜ್ಜಿ ಕೋಲು ಹುಡುಕಿದರೆ ನನಗೆ ಹೆದರಿಕೆ.

ನಾನು ಸಣ್ಣವಳಿದ್ದಾಗಿನಿಂದ ಅವಳು ನನಗೆ ಹೇಳುತ್ತಿದ್ದ ಕಥೆಯಲ್ಲಿ ಸೂರ್ಯ ಕಾಡಿಗೆ ನೆಂಟ, ಬೀಗ. ವರ್ಷಕ್ಕೊಂದು ಸಲ ಉಣ್ಣಾಕೆ ಬರುತ್ತಾನೆ, ಬಂದವನು ಏಳುವುದಿಲ್ಲ. ಹಂಡೆಗಟ್ಟಲೆ ನೀರು ಕುಡಿಯುತ್ತಾನೆ. ಅದಕ್ಕೇ ಮತ್ತಿಮರ ಇದ್ದ ನೀರನ್ನೆಲ್ಲ ಸೊಂಟದಲ್ಲಿ ಬಚ್ಚಿಟ್ಟುಕೊಂಡು, ಮನೆಯಲ್ಲಿ ಒಂದು ಹನಿಯೂ ಇಲ್ಲ ಬೀಗರೇ ಅನ್ನುತ್ತದೆ. ತೇಗದ ಮರ ಉಟ್ಟಿದ್ದನ್ನೆಲ್ಲ ಒಗೆಯಾಕೆ ಹಾಕೀನಿ, ಹೊರಗೆ ಬರಾಕೆ ಆಗಲ್ಲ ಅನ್ನುತ್ತದೆ. ಮುತ್ತುಗ ಮೈಗೆಲ್ಲ ಕುಂಕುಮ ಬಳಿದುಕೊಂಡು, ನನಗೆ ದೇವರು ಬಂದೈತೆ, ಮುಟ್ಟಬ್ಯಾಡ್ರಿ ಅನ್ನುತ್ತದೆ. ಕಕ್ಕೆಮರ ಒಂದೇ, ಇದ್ದ ಬಂಗಾರವನ್ನೆಲ್ಲ ಹೇರಿಕೊಂಡು ಬೀಗನ ಎದುರಿಗೇ ಬಂದು ನಿಲ್ಲುವ ಜಂಬಗಾತಿ. ಹಿಂದೆಲ್ಲ ಬೀಗ ಯುಗಾದಿ ಮುಂದೆ ಬಂದು ರೋಹಿಣಿ ಮಳೆಗೆ ಎದ್ದು ಹೋಗುತ್ತಿದ್ದನಂತೆ. ಈಚೆಗೆ ಸಂಕ್ರಾಂತಿ ಎಳ್ಳು ಬಾಯಲ್ಲಿರುವಾಗಲೇ ಬರುತ್ತಾನೆ, ಮಿರಗದ ಮಳೆ ಬಂದರೂ ಏಳುವುದಿಲ್ಲ. ಮರಗಳೂ ಅದಕ್ಕೆ ತಕ್ಕಂತೆ ತಿಂಗಳು ಮೊದಲೇ ಸುಳ್ಳು ಹೇಳಾಕೆ ಕಲಿತಿವೆ.

ಇದನ್ನೇ ಅವಳು ಮಹೇಶ್ವರಪ್ಪನವರಿಗೂ ಹೇಳಿದಳು, ಅವರ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು. ಅವರು ಪಾಪ, ಪೂರ್ತಿ ಕೇಳಿ, ಇದು ಕಥೆ ಅಜ್ಜಿ, ಎಲೆ ಇಲ್ಲದ್ದು ಮಾತ್ರ ನಿಜ ಅಂದರು. ಊರೊಳಗಿನ ಹೊಂಗೆ ಈಗಲೇ ಚಿಗುರಿದೆಯಲ್ಲ ಎಂದು ಅಜ್ಜಿ ತೋರಿಸಿದ್ದಕ್ಕೆ, ಅದು ಬಚ್ಚಲ ನೀರು ಕುಡಿದ ಮರ, ಅದರ ಲೆಕ್ಕ ಬೇರೆ ಅಂದರು.

"ಎಲೆ ಉದುರಿದ್ರೆ ಸತ್ತಂಗೇನು ಗಾರ್ಡಪ್ಪಾರೇ?" ಅಂದಳು ಅಜ್ಜಿ. "ನಿಮ್ಮ ತಲೆ ಮ್ಯಾಲಿಂದು ಉದುರಿ ಎಷ್ಟು ವರ್ಷಾತು? ನಿಮ್ಮನ್ನ ಯಾರಾದ್ರೂ ಹರಾಜಿಗೆ ಹಾಕ್ಯಾರೇನು?"

ಮಹೇಶ್ವರಪ್ಪ ಟೋಪಿ ಹಾಕಿಕೊಂಡರು. ಆದರೂ ಒಳ್ಳೆಯ ಮನುಷ್ಯ. ವರದಿ ಮೇಲೆ ಹೋಗಿಬಿಟ್ಟಿದೆ, ವಾಪಸ್ಸು ಕರೆದರೆ ಬರುವ ಜಾತಿಯದ್ದಲ್ಲ, ಮೇಲಿನವರಿಗೆ ಮರ ಕಾಣುವುದಿಲ್ಲ ಕಾಗದ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಕಾಡು ಬದುಕಿದೆ ಎಂದು ಯಾರಾದರೂ ಡಾಕ್ಟರು ಬರೆದು ಸೀಲು ಹಾಕಿಕೊಟ್ಟರೆ ಸಾಹೇಬರ ಮುಂದಿಡಬಹುದು ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಯಾವುದೋ ದೊಡ್ಡ ಕಾಲೇಜಿನ, ಗಿಡಮರ ಓದಿದ ಡಾಕ್ಟರು.

ಅಜ್ಜಿಗೆ ಗೊತ್ತಿದ್ದ ಡಾಕ್ಟರು ಒಬ್ಬರೇ. ದನದ ಡಾಕ್ಟರು ಶಿವಮೂರ್ತಪ್ಪ.

ಅದಕ್ಕೊಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಅಜ್ಜಿಯೂ ಒಂದು ಸಲ ಕಾಗದದಲ್ಲಿ ಸತ್ತಿದ್ದಳು. ವೃದ್ಧಾಪ್ಯ ವೇತನದ ಮನಿಯಾರ್ಡರು ಒಮ್ಮೆಲೇ ನಿಂತು, ತಾಲೂಕು ಆಫೀಸಿನಲ್ಲಿ ವಿಚಾರಿಸಿದರೆ ಸುಂಕಲಮ್ಮ ತೀರಿಕೊಂಡಿದ್ದಾಳೆ ಎಂದು ಬರೆದಿತ್ತು. ನಾನೇ ಸುಂಕಲಮ್ಮ ಎಂದು ಗುಮಾಸ್ತರ ಮೇಜಿನ ಮುಂದೆ ನಿಂತಳು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, ಬದುಕಿರುವುದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು ಅಂದರು. ಆ ದಿನ ಮನುಷ್ಯರ ಡಾಕ್ಟರು ರಜ. ಹೊರಗೆ ಬಂದರೆ ಆಲದ ಮರದ ಕೆಳಗೆ ಶಿವಮೂರ್ತಪ್ಪ ಒಂದು ಎಮ್ಮೆಯ ಬಾಯಿ ತೆರೆಸುತ್ತಿದ್ದರು. ಅಜ್ಜಿಯ ಅವಸ್ಥೆ ಕೇಳಿ ಅವರಿಗೆ ನಗು ಬಂತು, ಮರುಕವೂ ಬಂತು. ಕೈಯಲ್ಲಿದ್ದ ಫಾರಂನಲ್ಲೇ ಬರೆದುಕೊಟ್ಟರು. ಜಾನುವಾರು: ಸುಂಕಲಮ್ಮ. ಬಣ್ಣ: ಎಣ್ಣೆಗೆಂಪು. ಕೊಂಬು: ಇಲ್ಲ. ಆರೋಗ್ಯ: ಉತ್ತಮ. ಗುಮಾಸ್ತರು ಓದಲಿಲ್ಲ, ದುಂಡಗಿನ ನೇರಳೆ ಸೀಲು ನೋಡಿ ಸಹಿ ಹಾಕಿದರು. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಅಜ್ಜಿ ಅದೇ ಫಾರಂನಲ್ಲಿ ಬದುಕುತ್ತಾ ಬಂದಿದ್ದಳು. ಮನುಷ್ಯರ ಫಾರಂ ಕೊಟ್ಟರೆ ಎಲ್ಲಿ ಗುಮಾಸ್ತರಿಗೆ ಅನುಮಾನ ಬರುತ್ತದೋ ಎಂದು ಡಾಕ್ಟರೂ ಬದಲಾಯಿಸಲಿಲ್ಲ.

ಈ ಸಲ ಅವರು ಸಂತೇಬೆನ್ನೂರಿನ ಸಂತೆಯಲ್ಲಿ ಸಿಕ್ಕರು. ಕಾಡಿಗೆ ಬರೆದುಕೊಡಾಕೆ ಬರಲ್ಲ, ಇದು ಜಾನುವಾರಿನ ಫಾರಂ ಎಂದು ಕೈಯಲ್ಲಾಡಿಸಿದರು. ಅಜ್ಜಿ ಎತ್ತುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೆರಳು ಮಡಚಿದಳು. ಕಾಡು ಉಣ್ಣುತ್ತದೆ, ನೀರು ಕುಡಿಯುತ್ತದೆ, ಮಲಗುತ್ತದೆ, ಏಳುತ್ತದೆ, ಮರಿ ಹಾಕುತ್ತದೆ, ಬೇಸಿಗೆಗೆ ಮೈಕೂದಲು ಉದುರಿಸುತ್ತದೆ, ಸಗಣಿ ಬಿದ್ದರೆ ಖುಷಿಪಡುತ್ತದೆ. ಇಷ್ಟೆಲ್ಲ ಮಾಡುವುದು ಜಾನುವಾರಲ್ಲದೆ ತಹಸೀಲ್ದಾರರೇ? ಡಾಕ್ಟರು ಬ್ಯಾಗು ಮುಚ್ಚಿ, ಪರೀಕ್ಷೆ ಮಾಡದೆ ಬರೆಯಲ್ಲ ಅಂದರು. ಅಂದರೆ ಬರುತ್ತಾರೆ ಎಂದರ್ಥ.

ಸೋಮವಾರ ಹನ್ನೊಂದು ಗಂಟೆಗೆ ಗುಡ್ಡದ ಬುಡದಲ್ಲಿ ಕೊಡಲಿ ಹಿಡಿದ ಹನ್ನೆರಡು ಜನ, ರೇಂಜರ್ ಸಾಹೇಬರ ಜೀಪು, ಮಹೇಶ್ವರಪ್ಪ, ನಾನು, ಅಜ್ಜಿ, ಮತ್ತು ಬ್ಯಾಗು ಹಿಡಿದ ಶಿವಮೂರ್ತಪ್ಪ. ಬಿಸಿಲು ಹೇಗಿತ್ತೆಂದರೆ ಸಾಹೇಬರು ಇಸ್ತ್ರಿ ಮಾಡಿಸಿದ ಖಾಕಿ ಅಂಗಿ ತಾನೇ ಇನ್ನೊಂದು ಸಲ ಇಸ್ತ್ರಿಯಾಗುತ್ತಿತ್ತು. ಜಗಳೂರಿನ ಕುರಿಗಾಹಿ ಓಬಣ್ಣನೂ ಕುರಿ ಬಿಟ್ಟುಕೊಂಡು ಅಲ್ಲೇ ಕೂತಿದ್ದ. ಅವನು ಅಜ್ಜಿಯ ತವರಿನ ಕಡೆಯವನು, ಬೇಸಿಗೆಗೊಮ್ಮೆ ಮಂದೆ ಹೊಡೆದುಕೊಂಡು ಬರುವವನು. ಈ ಗುಡ್ಡವನ್ನು ನೋಡಿ ಸತ್ತಿದೆ ಅನ್ನುವವರು ನಮ್ಮ ಜಗಳೂರಿನ ಒಣ ಸೀಮೆಗೆ ಬಂದರೆ ಬಸ್ಸಿನಿಂದ ಇಳಿಯುವುದೇ ಇಲ್ಲ ಎಂದು ಅವನು ಕುರಿಗಳಿಗೆ ಹೇಳುತ್ತಿದ್ದ.

ಶಿವಮೂರ್ತಪ್ಪ ಸ್ಟೆತಸ್ಕೋಪು ತೆಗೆದು ಒಂದು ತೇಗದ ಎದೆಗೆ ಇಟ್ಟರು. ಕೊಡಲಿಯವರು ಬೀಡಿ ಆರಿಸಿ ಹತ್ತಿರ ಬಂದರು. ಮುಂದೆ ದಿಂಡಿಗ, ಹೊನ್ನೆ. ಪ್ರತಿ ಮರಕ್ಕೂ ಬಾಯಿ ತೆರೆ ಅನ್ನುವ ಹಾಗೆ ತಲೆಯೆತ್ತಿ ನೋಡಿ, ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಜ್ವರ ನೋಡಬೇಕಲ್ಲ ಎಂದು ಥರ್ಮಾಮೀಟರು ತೆಗೆದಾಗ ಸ್ವಲ್ಪ ತೊಡಕಾಯಿತು. ದನಕ್ಕಾದರೆ ಬಾಲ ಎತ್ತಿ ಇಡುತ್ತಾರೆ. ಮರದ ಬಾಲ ಯಾವುದು ಎನ್ನುವುದರ ಮೇಲೆ ಎರಡು ಪಂಗಡವಾಯಿತು. ಬೇರು ಎಂದು ಕೆಲವರು, ತುದಿ ಎಂದು ಕೆಲವರು. ಕೊನೆಗೆ ಮಹೇಶ್ವರಪ್ಪನವರೇ ಒಂದು ಪೊಟರೆ ತೋರಿಸಿ, ಇಲ್ಲಿಡಿ, ಯಾರಿಗೂ ಬೇಜಾರಾಗಲ್ಲ ಅಂದರು.

ಗುಡ್ಡದ ಬಡಗಣ ಇಳಿಜಾರಿನಲ್ಲಿ ಹತ್ತು ವರ್ಷದ ಹಿಂದೆ ಬಿದಿರು ಒಣಗಿ ಬಯಲಾಗಿತ್ತು. ಈಗ ಅಲ್ಲಿ ಎಲಚಿ, ಕಾರೆ ಮುಳ್ಳಿನ ಪೊದೆಗಳು. ಸಾಹೇಬರು ಅದನ್ನು ತೋರಿಸಿ, ನೋಡಿ, ಕಾಡು ಹಾಳಾಗಿರುವುದಕ್ಕೆ ಇದೇ ಗುರುತು ಅಂದರು. ಓಬಣ್ಣ ಎದ್ದು ಬಂದ. ಅವು ನಮ್ಮ ಕಡೆಯವು ಸ್ವಾಮಿ, ನನ್ನ ಕುರಿಗಳ ಹೊಟ್ಟೆಯಲ್ಲಿ ಕೂತು ಟಿಕೆಟ್ಟಿಲ್ಲದೆ ಬಂದವು ಅಂದ. ಬಿಸಿಲು ಜಾಸ್ತಿಯಾದ ಮೇಲೆ ಈ ಗುಡ್ಡ ಬಿಸಿಲು ತಡೆಯುವ ಸೊಸೆಯರನ್ನು ಜಗಳೂರಿನಿಂದ ತರಿಸಿಕೊಳ್ಳುತ್ತಿದೆ, ಅವುಗಳ ಮುಳ್ಳಿನ ನೆರಳಲ್ಲಿ ದಿಂಡಿಗದ ಮರಿಗಳು ಎದ್ದಿವೆ, ಬೇಕಾದರೆ ಬಗ್ಗಿ ನೋಡಿ ಅಂದ. ಸಾಹೇಬರು ಬಗ್ಗಿದರು, ಮುಳ್ಳು ಚುಚ್ಚಿತು, ಎದ್ದರು. ಜಗಳೂರಿನಿಂದಲೇ ಸೊಸೆಯಾಗಿ ಬಂದಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡಳು.

ಸಾಹೇಬರ ತಾಳ್ಮೆ ಮುಗಿದಿತ್ತು. ನಾಡಿ ಸಿಕ್ಕಿತೇ ಎಂದು ಡಾಕ್ಟರನ್ನು ಕೇಳಿದರು. ಶಿವಮೂರ್ತಪ್ಪ ಸುಳ್ಳು ಹೇಳುವವರಲ್ಲ. ತನ್ನ ಎದೆಯ ಸದ್ದೇ ವಾಪಸ್ಸು ಕೇಳಿಸುತ್ತಿದೆ ಎಂದು ಒಪ್ಪಿಕೊಂಡರು. ಹಾಗಾದರೆ ಕಡಿಯಿರಿ ಎಂದು ಸಾಹೇಬರು ಕೈ ಎತ್ತಿದರು.

ಅಜ್ಜಿ ಅಡ್ಡ ನಿಲ್ಲಲಿಲ್ಲ. ಕೋಲೂರಿಕೊಂಡು ಹೋಗಿ ಒಂದು ಮತ್ತಿಮರದ ಪಕ್ಕ ನಿಂತಳು. ಇಡೀ ಗುಡ್ಡದಲ್ಲಿ ಎಲ್ಲಕ್ಕಿಂತ ಸತ್ತ ಹಾಗೆ ಕಾಣುವ ಮರ ಅದು. ಮೊಸಳೆಯ ಚರ್ಮದ ಹಾಗೆ ಬಿರುಕು ಬಿಟ್ಟ ಕಪ್ಪು ತೊಗಟೆ, ಒಂದೇ ಒಂದು ಎಲೆಯಿಲ್ಲ, ಸೊಂಟದ ಹತ್ತಿರ ಗಡಿಗೆಯಷ್ಟು ದಪ್ಪ ಗಂಟು.

"ಮೊದಲು ಇದನ್ನ ಕಡೀರಿ," ಅಂದಳು. "ಇಲ್ಲೇ, ಗಂಟಿನ ಮ್ಯಾಲೆ. ಸಾಹೇಬ್ರು ಹತ್ರ ನಿಂತು ನೋಡ್ಲಿ."

ಸಾಹೇಬರು ಹತ್ತಿರವೇ ನಿಂತರು. ಓಬಣ್ಣ ತಾನೇ ಕೊಡಲಿ ಇಸಕೊಂಡು, ಗಂಟನ್ನು ಬೆರಳಿನಿಂದ ಎರಡು ಸಲ ತಟ್ಟಿ ಕೇಳಿ, ಒಂದೇ ಒಂದು ಏಟು ಹಾಕಿದ. ಮರದ ಒಳಗೆ ಯಾರೋ ನಲ್ಲಿ ತಿರುಗಿಸಿದ ಹಾಗಾಯಿತು. ತೋಳುದ್ದದ ನೀರಿನ ಕೋಲು ಚಿಮ್ಮಿ ನೇರ ಸಾಹೇಬರ ಎದೆಗೆ, ಅಲ್ಲಿಂದ ಗದ್ದಕ್ಕೆ, ಕಂಕುಳಲ್ಲಿದ್ದ ಫೈಲಿಗೆ ಹೊಡೆಯಿತು. ಸಾಹೇಬರು ಸರಿಯಲಿಲ್ಲ. ಆ ಬಿಸಿಲಿಗೆ ಸರಿಯುವ ಮನಸ್ಸೂ ಆಗಲಿಲ್ಲವೇನೋ.

ಮಹೇಶ್ವರಪ್ಪ ಟೋಪಿ ತೆಗೆದು ಕೆಳಗೆ ಹಿಡಿದರು. ತುಂಬಿದ ಟೋಪಿಯಿಂದ ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡರು. ಆಮೇಲೆ ಮರದ ಕಡೆ ತಿರುಗಿ, ತಪ್ಪಾಯಿತು ಎಂದು ಮೆಲ್ಲಗೆ ಅಂದರು. ಕೊಡಲಿಯವರು ಬೊಗಸೆಯೊಡ್ಡಿದರು. ನಾನೂ ಕುಡಿದೆ. ಸ್ವಲ್ಪ ಒಗರು, ಸ್ವಲ್ಪ ತಂಪು, ಹಳೆಯ ಗಡಿಗೆಯ ತಳದ ನೀರಿನ ರುಚಿ. ಬೀಗ ಇಷ್ಟು ದಿನ ಹುಡುಕಿದ್ದು ಇದನ್ನೇ ಎಂದು ನನಗೆ ಸುಮ್ಮನೆ ನಗು ಬಂತು.

"ನಾನು ನಂಬಿದೆ," ಅಂದರು ಸಾಹೇಬರು, ಫೈಲು ಹಿಂಡುತ್ತಾ. "ಆದ್ರೆ ಈ ಫೈಲು ನಂಬಬೇಕಲ್ಲ. ಇದಕ್ಕೆ ಅಚ್ಚಾದ ಫಾರಂ ಬೇಕು, ನಂಬರು ಬೇಕು, ಸೀಲು ಬೇಕು."

ಶಿವಮೂರ್ತಪ್ಪ ಬ್ಯಾಗಿಗೆ ಕೈಹಾಕಿ ಫಾರಂ ಪುಸ್ತಕ ತೆಗೆದು, ಹಾಳೆ ತಿರುವಿ, ನಿಂತುಬಿಟ್ಟರು. ಉಳಿದಿದ್ದದ್ದು ಒಂದೇ ಹಾಳೆ. ಹೊಸ ಪುಸ್ತಕ ಅಚ್ಚಾಗಿ ಬರುವುದು ಜೂನ್ ತಿಂಗಳಿಗೆ. ಅಜ್ಜಿಯ ಸರ್ಟಿಫಿಕೇಟು ಈ ತಿಂಗಳ ಕೊನೆಯೊಳಗೆ ಹೋಗಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅವರು ಅದನ್ನು ಜೋರಾಗಿ ಹೇಳಲಿಲ್ಲ, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಹೇಳಿದರು. ನನಗೂ ಕೇಳಿಸಿತು. ಮನಿಯಾರ್ಡರು ಇಲ್ಲದಿದ್ದರೆ ಬೇಸಿಗೆಯಲ್ಲಿ ಅಜ್ಜಿಗೆ ಬೇರೆ ದಾರಿಯಿರಲಿಲ್ಲ. ಎಲೆ ಹಚ್ಚುವ ಕೆಲಸ ಮುತ್ತುಗ ಚಿಗುರಿ ಬಲಿತ ಮೇಲೆಯೇ, ಆ ವರ್ಷ ಮುತ್ತುಗ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ.

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಮುಗಿಯುವವರೆಗೆ ಯೋಚಿಸಿದಳು. ಉಗುಳಿ ಬಂದು ಹೇಳಿದಳು.

"ಕಾಡಿಗೇ ಬರೀರಿ ಡಾಕ್ಟ್ರೇ. ಮಳೆ ಬರೋತನಕ ನಾನು ಸತ್ತಿರ್ತೀನಿ."

ಜೀಪಿನ ಮೂತಿಯ ಮೇಲೆ ಹಾಳೆ ಇಟ್ಟು ಶಿವಮೂರ್ತಪ್ಪ ಬರೆದರು. ಜಾನುವಾರು: ಹಳೇಕಾವಲು ಕಾಡು. ತಳಿ: ಮಿಶ್ರ. ಬಣ್ಣ: ಸದ್ಯಕ್ಕೆ ಕಂದು. ವಯಸ್ಸು: ಹಲ್ಲು ಸಿಗದ ಕಾರಣ ತಿಳಿದಿಲ್ಲ. ಕೊಂಬು: ಎಣಿಸಿಲ್ಲ. ಮೇವು: ಬಿಸಿಲು. ನೀರು: ಸ್ವಂತದ್ದು. ಮಾಲೀಕರು ಎಂಬಲ್ಲಿ ತಕರಾರು ಬಂತು. ಸರ್ಕಾರ ಎಂದರು ಸಾಹೇಬರು. ಸರ್ಕಾರ ಎಂದಾದರೂ ಇದಕ್ಕೆ ಮೈ ತೊಳೆಸಿದೆಯೇ ಎಂದು ಅಜ್ಜಿ ಕೇಳಿದಳು. ವಿಚಾರಣೆಯಲ್ಲಿದೆ ಎಂದು ಡಾಕ್ಟರು ಬರೆದು ಮುಂದೆ ಹೋದರು. ಕೊನೆಗೆ ಷರಾ: ಪ್ರಾಣಿ ಜೀವಂತವಾಗಿದೆ. ಸೆಕೆಯ ಕಾರಣ ಮೈಮೇಲಿನದು ಕಳಚಿ ಮಲಗಿದೆ. ಎಬ್ಬಿಸಬಾರದು.

ನೇರಳೆ ಸೀಲು ಬಿತ್ತು. ಮಳೆ ಬಿದ್ದು ಹದಿನೈದು ದಿನಕ್ಕೆ ಮತ್ತೆ ಬಂದು ನೋಡುವುದು, ಅಷ್ಟರೊಳಗೆ ಏಳದಿದ್ದರೆ ಕಡಿಯುವುದು ಎಂದು ಸಾಹೇಬರು ಸಹಿ ಹಾಕಿದರು. ಹೊರಡುವ ಮುಂಚೆ ಡಾಕ್ಟರು ಮತ್ತಿಮರದ ಗಾಯಕ್ಕೆ ಎತ್ತಿನ ಹೆಗಲಿಗೆ ಹಚ್ಚುವ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಮೂರು ದಿನ ಭಾರ ಹೊರಿಸಬೇಡಿ ಎಂದೂ ಹೇಳಿದರು, ಅಭ್ಯಾಸಬಲ.

ಮೇ ತಿಂಗಳಲ್ಲಿ ಅಂಚೆಯ ರೇವಣ್ಣ ಬರಿಗೈಲಿ ಬಂದು, ನಿಮ್ಮ ಹೆಸರು ಹೊಡೆದಾರೆ ಅಜ್ಜಿ ಎಂದು ತಲೆ ಕೆರೆದುಕೊಂಡ. ಅಜ್ಜಿ ತನ್ನ ಸಾವನ್ನು ಶಿಸ್ತಾಗಿ ನಡೆಸಿಕೊಂಡಳು. ಪಕ್ಕದ ಮನೆಯ ಚೌಡಕ್ಕ ಮೊರ ಕೇಳಲು ಬಂದರೆ, ಸತ್ತೋರು ಮೊರ ಕೊಡಾಕಿಲ್ಲ ಅನ್ನುವಳು. ಪಂಚಾಯ್ತಿಯವರು ಮನೆಗಂದಾಯಕ್ಕೆ ಬಂದರೆ ಕಣ್ಣು ಮುಚ್ಚಿ ಮಲಗಿ, ನನ್ನ ಕೈಲಿ ನಮಸ್ಕಾರ ಹೇಳಿಸುವಳು. ಹಳೆಯ ಜಗಳದ ಒಬ್ಬ ಬೀಗಿತ್ತಿ ಮಾತಾಡಿಸಲು ಬಂದಾಗ ಮಾತ್ರ, ಆಕೆಗೆ ಹೇಳುವುದಿದೆ ಎಂದು ಐದು ನಿಮಿಷ ಬದುಕಿದಳು.

ಆದರೆ ಮಧ್ಯಾಹ್ನದ ಕಾಫಿ ನಿಂತಿತ್ತು. ಅಡಿಕೆ ಅರ್ಧಕ್ಕೆ, ಊಟ ಒಂದು ಹೊತ್ತಿಗೆ ಇಳಿದಿತ್ತು. ಹೊತ್ತೇರಿದರೆ ಹೊಂಗೆಯ ನೆರಳಲ್ಲಿ ಅಲುಗಾಡದೆ ಕೂರುವಳು, ಬಾಯಿ ತೆರೆದರೆ ನೀರು ಆರಿಹೋಗುತ್ತದೆ ಅನ್ನುವವಳ ಹಾಗೆ. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ರೋಹಿಣಿ ಮಳೆ ಬರಲಿಲ್ಲ. ಮಿರಗ ಹುಟ್ಟಿ ಎರಡು ದಿನವಾದರೂ ಬೀಗ ಏಳಲಿಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಾಡು ಏಳದಿದ್ದರೆ ಎನ್ನುವುದಕ್ಕಿಂತ, ಇವಳು ಏಳದಿದ್ದರೆ ಎಂದು.

ಮಹೇಶ್ವರಪ್ಪನವರಿಗೂ ಅದೇ ಚಿಂತೆ. ದಿನಾ ಬೆಳಿಗ್ಗೆ ಮರಗಳ ತುದಿಗಳನ್ನು ಕಣ್ಣು ಕಿರಿದು ಮಾಡಿ ನೋಡಿಕೊಂಡು, ಬರುವಾಗ ನಮ್ಮ ಕಟ್ಟೆಯ ಮೇಲೆ ಒಂದು ಪೊಟ್ಟಣ ಕಾಫಿಪುಡಿ ಇಟ್ಟು ಹೋಗುತ್ತಿದ್ದರು. ಸತ್ತವರಿಗೆ ಎಡೆ ಇಡುವುದರಲ್ಲಿ ತಪ್ಪಿಲ್ಲ ಎಂದು ಅಜ್ಜಿಯೂ ಕುಡಿಯುತ್ತಿದ್ದಳು.

ಮೂರನೇ ದಿನ ಸಂಜೆ ಮಳೆ ಬಂತು. ಬಂದದ್ದು ಮೂರು ದಿನ ಹೊಡೆಯಿತು. ಆಮೇಲೆ ಒಂದು ಬೆಳಿಗ್ಗೆ ಮಹೇಶ್ವರಪ್ಪ ಕೆಸರಲ್ಲಿ ಜಾರುತ್ತಾ ಬಂದು, ಈ ಸಲ ಕೂಗದೆ, ಟೋಪಿಯನ್ನು ಅಜ್ಜಿಯ ಮುಂದೆ ಇಟ್ಟರು. ಒಳಗೆ ಮತ್ತಿಯ ಎಳೆ ಎಲೆ ಒಂದು, ಇಲಿಯ ಕಿವಿಯಷ್ಟು. ಬಟ್ಟೆ ಸುತ್ತಿದ್ದ ಮರದ್ದು ಅದು.

ಹದಿನೈದನೇ ದಿನ ಸಾಹೇಬರ ಜೀಪು ಬಂದಾಗ ಗುಡ್ಡದ ದಾರಿ ಹಸಿರಿನಲ್ಲಿ ಮುಚ್ಚಿಹೋಗಿ, ಡ್ರೈವರು ಎರಡು ಸಲ ದಾರಿ ತಪ್ಪಿ ಕೆರೆಯ ಏರಿಗೆ ಹೋಗಿಬಂದ. ಸಾಹೇಬರು ಜೀಪಿನಿಂದ ಇಳಿಯದೆಯೇ, ಕಾಡು ಎದ್ದಿದೆ ಎಂದು ಬರೆದು ಫೈಲು ಮುಚ್ಚಿದರು. ಮತ್ತಿಮರದ ಹತ್ತಿರ ಹೋಗುವುದು ಮಾತ್ರ ಬೇಡ ಅಂದರು.

ಅದೇ ವಾರ ಫಾರಂ ಪುಸ್ತಕ ಬಂತು. ಶಿವಮೂರ್ತಪ್ಪ ಪಂಚೆ ಮೇಲೆ ಕಟ್ಟಿ ಅಜ್ಜಿಯನ್ನು ಪರೀಕ್ಷೆ ಮಾಡಲು ಬಂದರು. ಥರ್ಮಾಮೀಟರು ಬ್ಯಾಗಿನಲ್ಲೇ ಇರಲಿ ಎಂದು ಅಜ್ಜಿ ಮೊದಲೇ ಹೇಳಿದಳು. ಅವರು ಬರೆದದ್ದನ್ನು ನಾನು ಓದಿ ಹೇಳಿದೆ. ಜಾನುವಾರು: ಸುಂಕಲಮ್ಮ. ಬಣ್ಣ: ಎಣ್ಣೆಗೆಂಪು. ಕೊಂಬು: ಇಲ್ಲ, ಆದರೂ ಹಾಯುತ್ತದೆ. ಅಜ್ಜಿ ತೃಪ್ತಿಯಾಗಿ ತಲೆಯಾಡಿಸಿ, ಕಾಡಿಗೆ ಬರೆದಿದ್ದಿರಲ್ಲ, ಆ ಕೊನೇ ಮಾತು ನನಗೂ ಹಾಕಿ ಅಂದಳು. ಡಾಕ್ಟರು ಹಾಕಿದರು: ಎಬ್ಬಿಸಬಾರದು. ಆಫೀಸಿಗೆ ಒಂದು ಪ್ರತಿ ಹೋಯಿತು, ಇನ್ನೊಂದನ್ನು ಅವಳು ಬಾಗಿಲಿಗೆ ಮುಳ್ಳು ಚುಚ್ಚಿ ಸಿಕ್ಕಿಸಿದಳು.

ಮುಂದಿನ ತಿಂಗಳು ರೇವಣ್ಣ ಮನಿಯಾರ್ಡರು ತಂದಾಗ ಮಧ್ಯಾಹ್ನ. ಅಜ್ಜಿ ಎಲೆಯ ಕಂತೆಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ರೇವಣ್ಣ ಬಾಗಿಲ ಕಾಗದವನ್ನು ಓದಿದ, ಸೀಲು ನೋಡಿದ, ಸೈಕಲ್ಲಿಗೆ ಸದ್ದಾಗದ ಹಾಗೆ ಸ್ಟ್ಯಾಂಡ್ ಹಾಕಿದ. ಆಮೇಲೆ ಹೊಂಗೆಯ ನೆರಳಲ್ಲಿ, ಅವಳು ತಾನಾಗಿ ಏಳುವವರೆಗೆ ಕೂತಿದ್ದ.